ಬರೆದು ಪಾಸಾದರೆ ಬೈಕು ಓಡಿಸಲು ಬಂತೇ?



ನಿಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಹಿರಿಯ ಓದುಗರೊಬ್ಬರು ನನ್ನ ಅಪಘಾತದ ಬಗ್ಗೆ ಬರೆದ ಪತ್ರ ಓದಿದೆ. ಹೆಸರು ಹಾಕಿಲ್ಲ, ನಿಜ. ಆದರೆ ಡಂಡಾಸ್ ರಸ್ತೆ, ಜೂನ್ ತಿಂಗಳು, ಮುರಿದ ಕಾಲರ್ ಬೋನ್ ಎಂದ ಮೇಲೆ ಅದು ಯಾರೆಂದು ಮಿಸಿಸಾಗಾದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಊರಲ್ಲಿ ಓಡಿಸಿದ ಹಾಗೆ ಇಲ್ಲಿ ಓಡಿಸಿದರೆ ಇನ್ನೇನಾದೀತು’ ಎಂದು ಕೇಳಿದ್ದಾರೆ. ಮುರಿದ ಮೂಳೆ ಕೂಡಿತು. ಈ ಮಾತು ಇನ್ನೂ ನೋಯುತ್ತಿದೆ.

ಅಂದು ಕೆಲಸ ಮುಗಿಸಿ ಹಗಲು ಬೆಳಕಿನಲ್ಲೇ ಮನೆಗೆ ಹೊರಟಿದ್ದೆ. ನನಗೆ ಹಸಿರು ದೀಪವಿತ್ತು, ವೇಗ ಮಿತಿಯೊಳಗೇ ಇತ್ತು. ಎದುರಿನಿಂದ ಬಂದ ಎಸ್‌ಯುವಿ ನನ್ನ ಮುಂದೆಯೇ ಎಡಕ್ಕೆ ತಿರುಗಿತು. ಕಾಲಿನ ಬ್ರೇಕ್ ಬಲವಾಗಿ ತುಳಿದೆ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಜಾರಿತು. ಕಾರಿನಿಂದ ಇಳಿದು ಬಂದವರು ಹೇಳಿದ್ದು ಒಂದೇ ಮಾತು: ‘ನೀವು ಕಾಣಿಸಲೇ ಇಲ್ಲ.’ ಅವರಿಗೆ ಒಂದು ದಂಡದ ಚೀಟಿ, ನನಗೆ ಎರಡು ತಿಂಗಳ ಜೋಳಿಗೆ ಪಟ್ಟಿ. ಊರಲ್ಲಿ ಓಡಿಸಿದ ಹಾಗೆ ಓಡಿಸಿದವನು ನಾನೋ, ಅವರೋ?

ದಾವಣಗೆರೆಯಲ್ಲಿ ಹನ್ನೊಂದು ವರ್ಷ ಸ್ಪ್ಲೆಂಡರ್ ಓಡಿಸಿ ಒಮ್ಮೆಯೂ ಬಿದ್ದವನಲ್ಲ. ಅಲ್ಲಿ ನಾವು ಎಡಬದಿಯಲ್ಲಿ ಹೋಗುವವರು. ಎದುರಿನಿಂದ ಅಡ್ಡ ನುಗ್ಗುವ ಗಾಡಿ ಬಲಕ್ಕೆ ತಿರುಗುತ್ತಿರುತ್ತದೆ. ಇಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿನ ಕಾರಿನವರ ಕಣ್ಣಿಗೆ ದ್ವಿಚಕ್ರ ದಿನನಿತ್ಯದ ನೋಟ. ಇಲ್ಲಿಯವರಿಗೆ ವರ್ಷದಲ್ಲಿ ಆರೇಳು ತಿಂಗಳು ಬೈಕೇ ಕಣ್ಣಿಗೆ ಬೀಳುವುದು ಅಪರೂಪ. ಇನ್ನು ಬ್ರೇಕಿನ ಮಾತು. ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂದು ನಮ್ಮಣ್ಣ ಕಲಿಸಿದ್ದು ಕಾಲಿಗೆ ಅಂಟಿಬಿಟ್ಟಿತ್ತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಗಾಡಿ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಚಕ್ರದಲ್ಲೇ ಇದೆ ಎಂಬುದು ಗೊತ್ತಾದದ್ದು ಮೂಳೆ ಕೂಡಿದ ಮೇಲೆ, ಶನಿವಾರ ಭಾನುವಾರದ ತರಬೇತಿಗೆ ಹೋದಾಗ. ಮೊದಲ ದಿನ ಬೆಳಗ್ಗೆಯೇ ಬೋಧಕರು ಅದನ್ನು ಹೇಳಿದರು. ಬೀಳುವ ಮೊದಲು ಅದನ್ನು ಯಾರೂ ಹೇಳಲಿಲ್ಲ, ಹೇಳಬೇಕೆಂಬ ಕಾನೂನೂ ಇಲ್ಲ. ನನ್ನ ತಕರಾರು ಇದೇ.

ಕೆನಡಾದ ಈ ಒಂಟಾರಿಯೊ ಪ್ರಾಂತ್ಯದಲ್ಲಿ ಬೈಕ್ ಕಲಿಯುವವರ ಎಂ1 ಲೈಸೆನ್ಸ್ ಸಿಗಲು ಏನು ಬೇಕು? ಬರಹದ ಪರೀಕ್ಷೆ, ಕಣ್ಣಿನ ಪರೀಕ್ಷೆ. ಗಾಡಿ ಹತ್ತಿ ತೋರಿಸಬೇಕಾಗಿಲ್ಲ. ಕಾರು ಕಲಿಯುವ ಜಿ1ನವರ ಪಕ್ಕದಲ್ಲಿ ಕನಿಷ್ಠ ನಾಲ್ಕು ವರ್ಷ ಅನುಭವವಿರುವ ಚಾಲಕ ಕೂತಿರಲೇಬೇಕು. ಸುತ್ತ ತಗಡಿನ ರಕ್ಷಣೆಯೂ ಇಲ್ಲದ ಬೈಕಿನವನು ಮಾತ್ರ ಮೊದಲ ದಿನದಿಂದ ಒಂಟಿ. ಹಿಂದೆ ಯಾರನ್ನೂ ಕೂರಿಸಬಾರದು, ರಾತ್ರಿ ಓಡಿಸಬಾರದು, ಉತ್ತರದ ಕೆಲವನ್ನು ಬಿಟ್ಟರೆ 80 ಕಿ.ಮೀ. ಮೀರಿದ ಹೆದ್ದಾರಿ ಹತ್ತಬಾರದು. ಸರಿ, 401 ಬೇಡ, 403 ಬೇಡ. ಆಗ ಕೆಲಸಕ್ಕೆ ಹೋಗುವವನಿಗೆ ಉಳಿಯುವುದು ಡಂಡಾಸ್, ಹುರೊಂಟಾರಿಯೊದಂಥ ರಸ್ತೆಗಳು. ಹೆಜ್ಜೆಗೊಂದು ಸಿಗ್ನಲ್, ಸಿಗ್ನಲ್ಲಿಗೊಂದು ಎಡತಿರುವು. ಏನೂ ಕಲಿಯದವನನ್ನು ಕಾನೂನೇ ಆ ಅಡ್ಡರಸ್ತೆಗಳಿಗೆ ತಳ್ಳಿದೆ.

ಇದೇನು ಹೊಸ ವಿಷಯವಲ್ಲ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ನೋಡಿ 1981ರಲ್ಲಿ ವರದಿ ಕೊಟ್ಟರು. ಬಿದ್ದವರಲ್ಲಿ 92% ಜನ ತಾವೇ ಕಲಿತವರು, ಇಲ್ಲವೇ ಮನೆಯವರು, ಗೆಳೆಯರಿಂದ ಕಲಿತವರು. ಬೇರೆ ವಾಹನದೊಂದಿಗೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ದಾರಿ ಬಿಡದ ಆ ವಾಹನದವರ ತಪ್ಪು. ಹಿಂದಿನ ಬ್ರೇಕ್ ಅತಿಯಾಗಿ ತುಳಿದು ಮುಂದಿನದನ್ನು ಸಾಕಷ್ಟು ಹಿಡಿಯದೆ ಜಾರುವವರ ಕಥೆಯೂ ಅದರಲ್ಲಿದೆ. ನಾನು ಹುಟ್ಟಿದ ಕಾಲದ ವರದಿ ಅದು, ಸ್ವಾಮಿ! ಬ್ರಿಟನ್ನಿನಲ್ಲಿ 1990ರಿಂದ ಮೂಲ ತರಬೇತಿ ಕಡ್ಡಾಯ. ಪಕ್ಕದ ಕ್ವಿಬೆಕ್‌ನಲ್ಲೂ ಕಡ್ಡಾಯ. ಒಂಟಾರಿಯೊದಲ್ಲಿ ಬೇಕಾದವರು ಕಲಿಯಬಹುದು, ಬೇಡವಾದವರು ಬೀಳಬಹುದು.

ಇದರ ಮೇಲೆ ಇನ್ನೊಂದು. 2025ರ ನವೆಂಬರ್ 14ರಿಂದ ಪ್ರಾಂತ್ಯದ ರಸ್ತೆಗಳಲ್ಲಿ ವೇಗದ ಕ್ಯಾಮೆರಾಗಳನ್ನು ನಿಷೇಧಿಸಿದರು. ಅವು ಹಣ ಕೀಳುವ ದಾರಿ ಎಂದು ಪ್ರೀಮಿಯರ್ ಡಗ್ ಫೋರ್ಡ್ ದೂರಿದ್ದರು. ಟೊರಾಂಟೊದ ಶಾಲಾ ವಲಯಗಳಲ್ಲಿ ಕ್ಯಾಮೆರಾ ಇಟ್ಟ ಮೇಲೆ ಮಿತಿ ಮೀರುವವರು 45% ಕಡಿಮೆಯಾದರೆಂದು ಸಿಕ್‌ಕಿಡ್ಸ್ ಆಸ್ಪತ್ರೆ ಮತ್ತು ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ ತೋರಿಸಿಕೊಟ್ಟಿದ್ದರು. ಟೊರಾಂಟೊದ ಪಾರ್ಕ್‌ಸೈಡ್ ಡ್ರೈವ್ ರಸ್ತೆಯ ಕ್ಯಾಮೆರಾವನ್ನು ಕಿಡಿಗೇಡಿಗಳು ಮತ್ತೆ ಮತ್ತೆ ಕಡಿದು ಉರುಳಿಸಿದರು. ಸರ್ಕಾರ ಕಡೆಗೆ ಗೆಲ್ಲಿಸಿದ್ದು ಅವರನ್ನೇ. ನಮ್ಮ ಬೀದಿಯ ಶಾಲೆಯ ಮುಂದೆ ನಲವತ್ತರಲ್ಲಿ ಹೋಗುವ ನನ್ನ ಬೆನ್ನಿಗೆ ಈಗ ಕಾರುಗಳು ಹಾರನ್ ಹೊಡೆಯುತ್ತವೆ. ತೆರಿಗೆ ಕಟ್ಟಿ, ಓಟು ಹಾಕಿ ಬದುಕುವ ಊರಿನಲ್ಲಿ ನಿಯಮ ಪಾಲಿಸುವವನೇ ಅಡ್ಡಿ ಎನಿಸಿಕೊಳ್ಳಬೇಕೆ?

ಮತ್ತೆ ಏಪ್ರಿಲ್ ಬಂದಿದೆ. ಚಳಿಗಾಲದಲ್ಲಿ ಚೆಲ್ಲಿದ ಮರಳು ತಿರುವುಗಳಲ್ಲಿ ಇನ್ನೂ ಹಾಗೇ ಬಿದ್ದಿದೆ, ಗ್ಯಾರೇಜುಗಳಿಂದ ಬೈಕುಗಳು ಹೊರಬರುತ್ತಿವೆ. ಜನವರಿಯಲ್ಲಿ ಶಿವಮೊಗ್ಗದಿಂದ ಬಂದ ಪಕ್ಕದ ಮನೆಯ ಹುಡುಗ ಮೊನ್ನೆ ಎಂ1 ತಂದು ತೋರಿಸಿದ. ‘ಅಣ್ಣಾ, ಸೋಮವಾರದಿಂದ ಡ್ಯೂಟಿಗೆ ಇದರಲ್ಲೇ’ ಎಂದ. ಊರಲ್ಲಿ ಅವನಿಗೂ ಯಾರೋ ಹೇಳಿದ್ದಾರೆ, ಮುಂದಿನ ಬ್ರೇಕ್ ಮುಟ್ಟಬೇಡ ಎಂದು. ತರಬೇತಿಗೆ ನೂರಾರು ಡಾಲರ್ ಕೇಳುತ್ತಾರೆ. ಹೊಸದಾಗಿ ಬಂದವನ ಕೈಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಎಂ1 ಕೊಡುವ ಮುನ್ನ ತರಬೇತಿ ಕಡ್ಡಾಯವಾಗಲಿ, ಅದರ ಖರ್ಚಿನಲ್ಲಿ ಪಾಲು ಸರ್ಕಾರ ಹೊರಲಿ. ನಮ್ಮ ಸಂಘಗಳೂ ಯುಗಾದಿಯ ಊಟಕ್ಕೆ ಸೇರಿದಾಗ ಈ ಹುಡುಗರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಲಿ.

ಆ ಹಿರಿಯರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವರ ಪತ್ರ ಅಚ್ಚಾದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಇದನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ.

— ಡಂಡಾಸ್ ರಸ್ತೆಯಲ್ಲಿ ಬಿದ್ದವನು, ಮಿಸಿಸಾಗಾ