ನೆಲದಡಿಯ ನೀರು ಯಾರ ಸೊತ್ತು?

ಪ್ಲಾಚಿಮಡದ ಹೋರಾಟ ಗೆದ್ದಿತೆಂದು ನಾವು ಅಧ್ಯಾಪಕರು ತರಗತಿಯಲ್ಲಿ ಹೇಳುವುದುಂಟು. ಪರಿಸರ ದಿನದಂದು ವೇದಿಕೆಯಲ್ಲಿ ಭಾಷಣವನ್ನೂ ಮಾಡುವುದುಂಟು. ಕಾರ್ಖಾನೆ ಮುಚ್ಚಿದುದು ನಿಜ. ಆದರೆ ಯಾವ ಪ್ರಶ್ನೆಗಾಗಿ ಅಲ್ಲಿನ ಬಡವರು ವರ್ಷಗಟ್ಟಲೆ ಚಪ್ಪರದಡಿ ಕುಳಿತರೋ ಆ ಪ್ರಶ್ನೆಗೆ ಇಂದಿಗೂ ಇತ್ಯರ್ಥವಾದ ಉತ್ತರವಿಲ್ಲ. ಅದು ಪಾಲಕ್ಕಾಡಿನವರ ವಿಷಯ, ತೆಂಕಣ ಜಿಲ್ಲೆಯ ಸುದ್ದಿ, ಕಾಸರಗೋಡಿನ ಕನ್ನಡಿಗರಿಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ಅಂಥವರು ದಯವಿಟ್ಟು ಮುಂದೆ ಓದಬೇಕು.

ಪಾಲಕ್ಕಾಡು ಜಿಲ್ಲೆಯ ಚಿತ್ತೂರು ತಾಲೂಕು ತಮಿಳುನಾಡಿನ ಗಡಿಗೆ ತಾಗಿದೆ. ಕೇರಳದ ಇತರ ಕಡೆಗಳಂತೆ ಅಲ್ಲಿ ಮಳೆ ಸುರಿಯುವುದಿಲ್ಲ. ಅಡಿಯಲ್ಲಿರುವುದು ಗಟ್ಟಿ ಬಂಡೆ. ಬಂಡೆಯ ಬಿರುಕುಗಳಲ್ಲಿ ನಿಂತಷ್ಟೇ ನೀರು. ಇಂಥ ಜಾಗದಲ್ಲಿ, ಪೆರುಮಾಟ್ಟಿ ಪಂಚಾಯತಿನ ಪ್ಲಾಚಿಮಡದಲ್ಲಿ, 2000ನೇ ಇಸವಿಯಲ್ಲಿ ಹಿಂದೂಸ್ಥಾನ್ ಕೋಕಾ-ಕೋಲಾ ಕಂಪೆನಿ ಸುಮಾರು 34 ಎಕರೆ ನೆಲದಲ್ಲಿ ಕಾರ್ಖಾನೆ ತೆರೆದು ಕೊಳವೆಬಾವಿಗಳಿಂದ ನೀರೆತ್ತಲು ತೊಡಗಿತು. ಸ್ವಲ್ಪ ಕಾಲದಲ್ಲೇ ಸುತ್ತಲಿನ ಬಾವಿಗಳು ತಳ ಕಂಡವು. ಉಳಿದ ನೀರು ಗಡುಸಾಗಿ, ಕುಡಿಯಲೂ ಅನ್ನ ಬೇಯಿಸಲೂ ಆಗದಂತಾಯಿತು ಎಂದು ಹೆಂಗಸರು ದೂರಿದರು. ಕಾರ್ಖಾನೆಯ ಕೆಸರನ್ನು ಗೊಬ್ಬರವೆಂದು ರೈತರಿಗೆ ಹಂಚಿದ್ದರು. ಅದರಲ್ಲಿ ಕ್ಯಾಡ್ಮಿಯಂ, ಸೀಸ ಇದ್ದುದು 2003ರಲ್ಲಿ ಬಿ.ಬಿ.ಸಿ. ರೇಡಿಯೋದವರು ಮಾಡಿಸಿದ ಪರೀಕ್ಷೆಯಿಂದ ಬೆಳಕಿಗೆ ಬಂತು. 2002ರ ಎಪ್ರಿಲ್ 22ರಂದು ಕಾರ್ಖಾನೆಯ ಬಾಗಿಲಲ್ಲಿ ಸತ್ಯಾಗ್ರಹ ಆರಂಭವಾಯಿತು. ಎರವಾಳ ಜನಾಂಗದ ಮಯಿಲಮ್ಮ ಎಂಬವರು ಅದರ ಮುಂದಾಳು. 2007ರಲ್ಲಿ ತೀರಿಕೊಂಡ ಅವರು ಶಾಲೆಯ ಮುಖ ಕಂಡವರಲ್ಲ. ಆದರೆ ಬಾವಿಯಲ್ಲಿ ನೀರು ಯಾಕೆ ಇಳಿಯಿತೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆ ವರ್ಷಗಳಲ್ಲಿ ಮಳೆಯೇ ಕಡಿಮೆ, ಬಾವಿ ಬತ್ತಿದುದಕ್ಕೆ ನಾವು ಕಾರಣರಲ್ಲ ಎಂಬುದು ಕಂಪೆನಿಯ ವಾದ. ಮಳೆ ಕಡಿಮೆಯಾದುದನ್ನು ಒಪ್ಪೋಣ. ಮನೆಯಲ್ಲಿ ಅಕ್ಕಿ ಕಡಿಮೆಯಾದ ವರ್ಷ ಗಂಜಿಗೆ ನೀರು ಹೆಚ್ಚು ಹಾಕುತ್ತಾರಲ್ಲದೆ ಇದ್ದ ಅಕ್ಕಿಯನ್ನು ಹೊರಗೆ ಮಾರುತ್ತಾರೆಯೇ?

ಕಾರ್ಖಾನೆಗೆ ಮೊದಲು ಪರವಾನಿಗೆ ಕೊಟ್ಟದ್ದು ಇದೇ ಪಂಚಾಯತು. ಅದರಿಂದ ವರಮಾನವೂ ಬರುತ್ತಿತ್ತು. ಅದೇ ಪಂಚಾಯತು 2003ರ ಎಪ್ರಿಲಿನಲ್ಲಿ ಪರವಾನಿಗೆಯನ್ನು ನವೀಕರಿಸುವುದಿಲ್ಲವೆಂದು ನಿರ್ಣಯಿಸಿತು. ಕೈಗೆ ಬರುವ ದುಡ್ಡನ್ನು ಬೇಡವೆನ್ನುವ ಪಂಚಾಯತುಗಳು ನಮ್ಮಲ್ಲಿ ಎಷ್ಟಿವೆಯೋ, ವಾಚಕರೇ ಎಣಿಸಿಕೊಳ್ಳಲಿ. ಮೊಕದ್ದಮೆ ಕೇರಳ ಹೈಕೋರ್ಟಿಗೆ ಹೋಯಿತು. 2003ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಅವರು, ಅಂತರ್ಜಲ ಸಾರ್ವಜನಿಕರ ಸೊತ್ತು, ಸರಕಾರ ಅದರ ಪಾರುಪತ್ಯಗಾರ ಮಾತ್ರ, ಅದನ್ನು ಕಾಯುವುದು ಪಂಚಾಯತಿನ ಕರ್ತವ್ಯ ಎಂದು ತೀರ್ಪಿತ್ತರು. 2004ರ ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು. ಆದರೆ 2005ರ ಎಪ್ರಿಲಿನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ತನ್ನ ನೆಲದಡಿಯ ನೀರನ್ನು ತೆಗೆಯಲು ಒಡೆಯನಿಗೆ ಹಕ್ಕುಂಟೆಂದು ಹೇಳಿ, ತಜ್ಞರ ವರದಿಯನ್ನು ಆಧರಿಸಿ ದಿನಕ್ಕೆ 5 ಲಕ್ಷ ಲೀಟರು ತೆಗೆಯಬಹುದೆಂದು ಒಪ್ಪಿತು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಹನ್ನೆರಡು ವರ್ಷ ಬಿದ್ದುಕೊಂಡಿತ್ತು. 2017ರಲ್ಲಿ, ಕಾರ್ಖಾನೆಯನ್ನು ಪುನಃ ತೆರೆಯುವ ಉದ್ದೇಶವಿಲ್ಲವೆಂದು ಕಂಪೆನಿಯೇ ಹೇಳಿದ್ದರಿಂದ ವ್ಯಾಜ್ಯ ಅಲ್ಲಿಗೆ ಮುಗಿಯಿತು.

ಹಾಗಾಗಿ ಪ್ರಶ್ನೆ ಉಳಿಯಿತು. ಒಡೆಯನ ಹಕ್ಕಿನ ಮಾತು ಹೊಸತಲ್ಲ. ಆಂಗ್ಲರು ಮಾಡಿದ 1882ರ ಈಸ್‌ಮೆಂಟ್ ಕಾಯಿದೆಯಲ್ಲಿ ಅದು ಬರೆದಿಟ್ಟಿದೆ. ಏತವೂ ಕಪ್ಪಿಯೂ ನೀರೆತ್ತುತ್ತಿದ್ದ ಕಾಲದ ಕಾನೂನದು. ಮನುಷ್ಯನ ಅಥವಾ ಎತ್ತಿನ ಬಲದಿಂದ ಎಷ್ಟು ನೀರು ಎತ್ತಿದರೂ ನೆರೆಮನೆಯ ಬಾವಿ ಬತ್ತುವಷ್ಟಾಗುತ್ತಿರಲಿಲ್ಲ. ಇಂದಿನ ಕೊಳವೆಬಾವಿಗೆ ಬೇಲಿಯ ಲೆಕ್ಕವಿಲ್ಲ; ಪಂಪು ನನ್ನ ಜಾಗದಲ್ಲಿದ್ದರೂ ಎಳೆಯುವುದು ನೆರೆಯವನ ನೀರನ್ನೂ. 5 ಲಕ್ಷ ಲೀಟರೆಂದರೆ ಎಷ್ಟು? ಜಲಜೀವನ ಯೋಜನೆಯವರು ಹಳ್ಳಿಯ ಒಬ್ಬನಿಗೆ ದಿನಕ್ಕೆ 55 ಲೀಟರು ಎಂದು ಇಟ್ಟಿದ್ದಾರೆ. ಭಾಗಿಸಿದರೆ ಒಂಬತ್ತು ಸಾವಿರ ಜನರ ದಿನದ ನೀರು. ಎಂಟನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಬೇಡ.

ನಷ್ಟ ಅನುಭವಿಸಿದವರ ಕಥೆ ಇನ್ನೂ ಖೇದಕರ. ಸರಕಾರವೇ ನೇಮಿಸಿದ ಸಮಿತಿ 2010ರಲ್ಲಿ 216.26 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ವರದಿ ಮಾಡಿತು. ಪರಿಹಾರಕ್ಕಾಗಿ ನ್ಯಾಯಮಂಡಳಿ ರಚಿಸುವ ಮಸೂದೆಯನ್ನು 2011ರಲ್ಲಿ ವಿಧಾನಸಭೆ ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ದೊರೆಯದೆ ಅದು ಹಿಂದೆ ಬಂತು. ಎಂಡೋಸಲ್ಫಾನ್ ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರನ್ನು ಕಂಡ ನಮ್ಮ ಎಣ್ಮಕಜೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇನ್ನು ನಮ್ಮ ಜಿಲ್ಲೆ. ಇಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ, ಹನ್ನೆರಡು ಹೊಳೆಗಳು. ಆದರೂ ಬೇಸಗೆ ಬಂದರೆ ಕೊಡ ಹಿಡಿದು ಲಾರಿಯ ದಾರಿ ಕಾಯಬೇಕು. ಮುರಕಲ್ಲಿನ ಗುಡ್ಡ ಕುಡಿದ ನೀರನ್ನು ಬಹುಕಾಲ ಹಿಡಿದಿಡದು. ಇದನ್ನರಿತೇ ಹಿರಿಯರು ಬಾಯಾರು, ಪೈವಳಿಕೆಯ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ತೋಡಿಗೆ ಕಟ್ಟ ಕಟ್ಟಿದರು. ಸುರಂಗಕ್ಕೆ ಪಂಪು ಬೇಡ; ಗುಡ್ಡ ಕೊಟ್ಟಷ್ಟು ನೀರು ತಾನಾಗಿ ಹರಿದು ಬರುತ್ತದೆ, ಕೊಡದಿದ್ದರೆ ಇಲ್ಲ. ಈಗ ಸುರಂಗದ ಮನೆಯವರೂ ಕೊಳವೆಬಾವಿ ಕೊರೆಸುತ್ತಾರೆ. ಅಡಿಕೆ ತೋಟ ಒಣಗುವಾಗ ಅವರನ್ನು ದೂರುವುದು ನನ್ನಿಂದಾಗದು. ತೋಟಕ್ಕೆ ನೀರು ಹಾಯಿಸುವವನನ್ನೂ ನೀರನ್ನು ಲಾರಿಗೆ ತುಂಬಿ ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2017ರ ಅಂತರ್ಜಲ ಗಣನೆಯಲ್ಲಿ ಚಿತ್ತೂರು ಬ್ಲಾಕ್ ಅತಿಬಳಕೆಯದೆಂದೂ ಮಲಂಬುಳ ಮತ್ತು ನಮ್ಮ ಕಾಸರಗೋಡು ಬ್ಲಾಕ್ ಗಂಭೀರ ಸ್ಥಿತಿಯಲ್ಲಿವೆಯೆಂದೂ ಬರೆಯಲಾಗಿತ್ತು. ಪಟ್ಟಿಯಲ್ಲಿ ನಾವು ಪ್ಲಾಚಿಮಡದಿಂದ ಒಂದೇ ಮೆಟ್ಟಿಲು ಕೆಳಗೆ.

2002ರ ಕೇರಳ ಅಂತರ್ಜಲ ಕಾಯಿದೆ ಇದೆ. ಅಧಿಸೂಚಿತ ಪ್ರದೇಶದಲ್ಲಿ ಬಾವಿ ತೋಡಲು ಅನುಮತಿ ಬೇಕೆಂದು ಅದು ವಿಧಿಸುತ್ತದೆ. ಅದರ ಪಾಲನೆ ಹೇಗಿದೆಯೆಂದು ಪಂಚಾಯತು ಸದಸ್ಯರನ್ನು ಕೇಳುವುದಕ್ಕೆ ನಮಗೆ ಗ್ರಾಮಸಭೆಯುಂಟು. ಎಷ್ಟು ಮಂದಿ ಹೋಗುತ್ತೇವೆ? ನೋಟೀಸು ಮಲಯಾಳದಲ್ಲಿತ್ತು, ತಿಳಿಯಲಿಲ್ಲ ಎನ್ನುವ ನೆಪ ಪೂರ್ಣ ಸುಳ್ಳಲ್ಲ. ಹಾಗಿದ್ದರೆ ಕನ್ನಡದಲ್ಲಿ ಕೊಡಿರೆಂದು ಲಿಖಿತವಾಗಿ ಕೇಳೋಣ. ಮಾರಾಟಕ್ಕೆಂದು ನೀರೆತ್ತುವ ಪ್ರತಿಯೊಂದು ಕೊಳವೆಬಾವಿಗೂ ಮಾಪಕ ಇಡಬೇಕು, ದಿನಕ್ಕೆಷ್ಟು ತೆಗೆದರೆಂಬುದನ್ನು ಪಂಚಾಯತಿನ ಗೋಡೆಯಲ್ಲಿ ಎರಡೂ ಭಾಷೆಗಳಲ್ಲಿ ಬರೆಯಬೇಕು, ಎಪ್ರಿಲ್ ಮೇ ತಿಂಗಳಲ್ಲಿ ಆ ಪಂಪುಗಳನ್ನು ನಿಲ್ಲಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನು ನಿರ್ಣಯವಾಗಿ ಮಂಡಿಸುವವರು ಯಾವ ವಾರ್ಡಿನಲ್ಲಿದ್ದಾರೆ?