ಹೊಸ ಬಟ್ಟೆ ಇಲ್ಲದವರನ್ನು ತಿನ್ನುವ ಬೆಕ್ಕು

ಡಿಸೆಂಬರ್ ಬಂದರೆ ಸಾಕು, ಮಾಲ್‌ಗಳಲ್ಲಿ ಹತ್ತಿಯ ಹಿಮ, ಬೇಕರಿಗಳಲ್ಲಿ ಪ್ಲಮ್ ಕೇಕ್, ಅಂಗಡಿ ಬಾಗಿಲಲ್ಲಿ ಕೆಂಪು ಟೋಪಿಯ ಸಾಂತಾ. ಒಳ್ಳೆಯ ಮಕ್ಕಳಿಗೆ ಉಡುಗೊರೆ ತರುವ ಈ ಅಜ್ಜನನ್ನು ನಾವೆಲ್ಲ ಬಲ್ಲೆವು. ಹಾಗಾದರೆ ಮಾತು ಕೇಳದ ಮಕ್ಕಳ ಗತಿಯೇನು? ಯುರೋಪಿನ ಚಳಿ ಊರುಗಳು ಅದಕ್ಕೂ ಒಂದು ವ್ಯವಸ್ಥೆ ಮಾಡಿಕೊಂಡಿದ್ದವು.

ಆಸ್ಟ್ರಿಯಾ ಮತ್ತು ಅದರ ಸುತ್ತಲಿನ ಆಲ್ಪ್ಸ್ ಸೀಮೆಯಲ್ಲಿ ಸಂತ ನಿಕೋಲಸ್ ಜೊತೆ ಕ್ರಾಂಪಸ್ ಬರುತ್ತಾನೆ. ಮೇಕೆಯ ಕೊಂಬು, ಹೊರಚಾಚಿದ ಉದ್ದ ನಾಲಿಗೆ, ಸೊಂಟಕ್ಕೆ ಗಂಟೆ, ಕೈಯಲ್ಲಿ ಬರ್ಚ್ ಕಡ್ಡಿಗಳ ಕಟ್ಟು. ಡಿಸೆಂಬರ್ 5ರ ರಾತ್ರಿ ಮರದಲ್ಲಿ ಕೆತ್ತಿದ ಮುಖವಾಡ, ಕುರಿ-ಮೇಕೆ ಚರ್ಮದ ವೇಷ ತೊಟ್ಟ ಯುವಕರು ಬೀದಿ ತುಂಬಾ ಓಡುತ್ತಾರೆ. ಕೆಲವೊಮ್ಮೆ ಕುಡಿದ ಮತ್ತಿನಲ್ಲಿ ಹೊಡೆತ ಜೋರಾಗಿಯೇ ಬೀಳುತ್ತದೆ. ಹಾಗಾಗಿ ಈಗ ಎಷ್ಟೋ ಊರುಗಳಲ್ಲಿ ಪ್ರತಿ ಕ್ರಾಂಪಸ್ ಮೈಮೇಲೂ ಒಂದು ನಂಬರ್ ಇರುತ್ತದೆ. ಯಾರಾದರೂ ಮಿತಿ ಮೀರಿದರೆ ನಂಬರ್ ನೋಡಿ ದೂರು ಕೊಡಬಹುದು. ಹೆದರಿಸುವವನಿಗೂ ರಿಜಿಸ್ಟರ್ ನಂಬರ್! ಈ ವಿಷಯ ಓದಿದಾಗ ನನಗೆ ಬಹಳ ಇಷ್ಟವಾಯಿತು.

ಆದರೆ ನನ್ನ ತಲೆಯಿಂದ ಇಳಿಯದೇ ಉಳಿದಿರುವುದು ಐಸ್‌ಲ್ಯಾಂಡಿನ ಕತೆಗಳು. ಅಲ್ಲಿ ಗ್ರೀಲಾ ಎಂಬ ರಾಕ್ಷಸಿ ಇದ್ದಾಳೆ. 13ನೇ ಶತಮಾನದ ಬರಹಗಳಲ್ಲೇ ಅವಳ ಹೆಸರಿದೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಬೆಟ್ಟದಿಂದ ಇಳಿದು, ತುಂಟ ಮಕ್ಕಳನ್ನು ಚೀಲಕ್ಕೆ ತುಂಬಿಕೊಂಡು ಹೋಗಿ ಬೇಯಿಸಿ ತಿನ್ನುತ್ತಾಳಂತೆ. ಗಂಡ ಲೆಪ್ಪಲೂದಿ ಶುದ್ಧ ಸೋಮಾರಿ. ಇವರಿಗೆ ಹದಿಮೂರು ಗಂಡುಮಕ್ಕಳು. ಡಿಸೆಂಬರ್ 12ರಿಂದ ರಾತ್ರಿಗೊಬ್ಬರಂತೆ ಊರಿಗೆ ಇಳಿಯುತ್ತಾರೆ. ಇವರ ಹೆಸರುಗಳೇ ಮಜಾ. ಒಬ್ಬ ಸೌಟು ನೆಕ್ಕುವವನು, ಇನ್ನೊಬ್ಬ ಪಾತ್ರೆಯ ತಳ ಕೆರೆದು ತಿನ್ನುವವನು, ಮತ್ತೊಬ್ಬ ಬಟ್ಟಲು ನೆಕ್ಕುವವನು. ಮೊಸರಿನಂಥ ‘ಸ್ಕೀರ್’ ಕಬಳಿಸುವವನಿದ್ದಾನೆ, ಕೊಕ್ಕೆ ಹಾಕಿ ಮಾಂಸ ಎಳೆಯುವವನಿದ್ದಾನೆ. ಕೊನೆಯವನು ಮಕ್ಕಳ ಕೈಯಿಂದ ಮೇಣದ ಬತ್ತಿ ಕದಿಯುತ್ತಾನೆ. ಆ ಕಾಲದ ಬತ್ತಿಗಳನ್ನು ಪ್ರಾಣಿಯ ಕೊಬ್ಬಿನಿಂದ ಮಾಡುತ್ತಿದ್ದರು, ಅಂದರೆ ಅವನ್ನೂ ತಿನ್ನಬಹುದಿತ್ತು.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬಾಗಿಲು ಬಡಿಯುವ, ಕಿಟಕಿಯಲ್ಲಿ ಇಣುಕುವ ಒಬ್ಬಿಬ್ಬರನ್ನು ಬಿಟ್ಟರೆ ಹೆಚ್ಚಿನವರ ಕಣ್ಣು ಊಟದ ಮೇಲೆ. ಡಿಸೆಂಬರ್‌ನಲ್ಲಿ ರೇಕ್ಯಾವಿಕ್‌ನಲ್ಲಿ ಹಗಲು ಇರುವುದೇ ನಾಲ್ಕು ಗಂಟೆಯ ಆಸುಪಾಸು. ಬೇಸಿಗೆಯಲ್ಲಿ ಕೂಡಿಟ್ಟಿದ್ದರಲ್ಲೇ ಚಳಿಗಾಲ ಕಳೆಯಬೇಕು. ಅಂಥ ಮನೆಗೆ ಬರುವ ಭೂತ ಪಾತ್ರೆ ಕೆರೆಯದೆ ಇನ್ನೇನು ಮಾಡೀತು? ಜನ ನಿಜವಾಗಿ ಹೆದರುತ್ತಿದ್ದುದು ಹಸಿವಿಗೆ ಎಂದು ನನಗನ್ನಿಸುತ್ತದೆ. ಅದಕ್ಕೊಂದು ಮುಖ, ಒಂದು ಹೆಸರು ಕೊಟ್ಟುಕೊಂಡರು, ಅಷ್ಟೆ.

ಹೆದರಿಕೆ ಎಷ್ಟಿತ್ತೆಂದರೆ, ಇಂಥ ಭೂತಗಳ ಹೆಸರು ಹೇಳಿ ಮಕ್ಕಳನ್ನು ಹೆದರಿಸಬಾರದೆಂದು 1746ರಲ್ಲಿ ಸರ್ಕಾರಿ ಆಜ್ಞೆಯೇ ಬಂತು. ಆಗ ಐಸ್‌ಲ್ಯಾಂಡ್ ಡೆನ್ಮಾರ್ಕ್ ದೊರೆಯ ಆಳ್ವಿಕೆಯಲ್ಲಿತ್ತು. ನಮ್ಮಲ್ಲೂ ಗುಮ್ಮ ಇದ್ದಾನಲ್ಲ. ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ಅಮ್ಮನಿಗೆ ಗೋಗರೆಯುತ್ತಾನೆ. ಗುಮ್ಮನ ವಿರುದ್ಧ ಯಾವ ರಾಜನೂ ಆದೇಶ ಹೊರಡಿಸಿದಂತಿಲ್ಲ! ಈಗಂತೂ ಆ ಹದಿಮೂರು ಮಂದಿ ಪಳಗಿಬಿಟ್ಟಿದ್ದಾರೆ. ಮಕ್ಕಳು ಕಿಟಕಿಯಲ್ಲಿ ಬೂಟು ಇಟ್ಟರೆ ಅದರಲ್ಲಿ ಸಣ್ಣ ಉಡುಗೊರೆ ಹಾಕಿ ಹೋಗುತ್ತಾರೆ. ತುಂಟತನ ಮಾಡಿದವರಿಗೆ ಒಂದು ಆಲೂಗಡ್ಡೆ.

ಇವರ ಮನೆಯಲ್ಲೇ ಒಂದು ದೈತ್ಯ ಬೆಕ್ಕಿದೆ, ಯೂಲ್ ಬೆಕ್ಕು. ಕ್ರಿಸ್‌ಮಸ್‌ಗೆ ಹೊಸ ಬಟ್ಟೆ ಸಿಗದವರನ್ನು ಅದು ತಿನ್ನುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು: ಕುರಿಯ ಉಣ್ಣೆಯನ್ನು ನೂಲುವ, ಹೆಣೆಯುವ ಕೆಲಸವನ್ನೆಲ್ಲ ಹಬ್ಬದೊಳಗೆ ಮುಗಿಸಬೇಕಿತ್ತು. ಕೈಜೋಡಿಸಿದವರಿಗೆ ಒಂದು ಹೊಸ ಬಟ್ಟೆ ಸಿಗುತ್ತಿತ್ತು. ಮೈಗಳ್ಳರಿಗೆ ಏನೂ ಇಲ್ಲ. ಬೆಕ್ಕಿನ ಹೆಸರು ಹೇಳಿದರೆ ಎಲ್ಲರೂ ಚುರುಕಾಗಿ ಕೆಲಸ ಮಾಡುತ್ತಾರೆ.

ಇಲ್ಲೇ ನನ್ನ ತಕರಾರು. ಬೆಕ್ಕು ಕಿಟಕಿಯಿಂದ ನೋಡುವುದು ಬಟ್ಟೆಯನ್ನು ಮಾತ್ರ. ಬಟ್ಟೆ ಯಾಕಿಲ್ಲ ಎಂದು ಅದು ಕೇಳುವುದಿಲ್ಲ. ಕೆಲಸ ಮಾಡದೆ ಬಟ್ಟೆ ಕಳೆದುಕೊಂಡವನೂ, ಉಣ್ಣೆಯೇ ಇಲ್ಲದ ಮನೆಯಲ್ಲಿ ಹುಟ್ಟಿದವನೂ ಅದಕ್ಕೆ ಒಂದೇ ತುತ್ತು. ಯೋಹಾನ್ನೆಸ್ ಊರ್ ಕೊಟ್ಲುಮ್ ಎಂಬ ಕವಿಗೆ ಇದು ಕಂಡಿರಬೇಕು. 1932ರಲ್ಲಿ ಬಂದ ಅವರ ಮಕ್ಕಳ ಪುಸ್ತಕದಲ್ಲಿ ಈ ಬೆಕ್ಕಿನ ಮೇಲೂ ಒಂದು ಪದ್ಯವಿದೆ. ಮೀಸೆ, ಉಗುರು, ಹೊಳೆಯುವ ಕಣ್ಣು ಎಂದೆಲ್ಲ ಹೆದರಿಸಿ, ಕೊನೆಗೆ ಏನೂ ಸಿಗದ ಮಕ್ಕಳಿಗೆ ನೆರವಾಗುವ ಮಾತಿಗೆ ಪದ್ಯ ಹೊರಳುತ್ತದೆ. ಆ ಹೊರಳುವಿಕೆ ನನಗೆ ಇಡೀ ಕತೆಗಿಂತ ದೊಡ್ಡದಾಗಿ ಕಾಣುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನೀಗ ಬಿಇ ಮೂರನೇ ವರ್ಷ. ನಮ್ಮ ಕಡೆಯ ಹೊಸ ಬಟ್ಟೆಯ ಹೆಸರು ಆಫರ್ ಲೆಟರ್. ಕಾಲೇಜಿನ ಗೇಟಿಗೆ ಕಟ್ಟಿದ ಫ್ಲೆಕ್ಸ್‌ನಲ್ಲಿ ಅದು ಸಿಕ್ಕವರ ಫೋಟೊಗಳಿವೆ, ಕೆಳಗೆ ಪ್ಯಾಕೇಜ್ ಎಷ್ಟು ಲಕ್ಷ ಎಂದೂ ಬರೆದಿದೆ. ಅದರಲ್ಲಿ ಇಲ್ಲದವರ ಬಗ್ಗೆ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಒಂದೇ ಮಾತು: ‘ಸರಿಯಾಗಿ ಓದಿದ್ದರೆ ಆಗ್ತಿತ್ತಪ್ಪಾ’.

ನನ್ನ ಹಾಸ್ಟೆಲ್‌ನ ಸೀನಿಯರ್ ಅಣ್ಣನೊಬ್ಬನ ವಿಷಯ ಹೇಳುತ್ತೇನೆ. ಸಿವಿಲ್ ಬ್ರಾಂಚ್. ಬಿಇಯಲ್ಲಿ ಒಂದೂ ಬ್ಯಾಕ್‌ಲಾಗ್ ಇಲ್ಲ. ಪಿಯು ಎರಡನೇ ವರ್ಷದಲ್ಲಿ ಅವನ ಅಪ್ಪ ಹಾಸಿಗೆ ಹಿಡಿದಿದ್ದರು, ಆ ವರ್ಷ 57 ಪರ್ಸೆಂಟ್ ಬಂತು. ಹತ್ತನೇ ಕ್ಲಾಸ್, ಪಿಯು, ಬಿಇ ಮೂರರಲ್ಲೂ 60 ಇರಲೇಬೇಕು ಎಂಬ ಕಂಪನಿಗಳಿಗೆ ಅವನು ಅರ್ಜಿ ಹಾಕುವಂತೆಯೇ ಇರಲಿಲ್ಲ. ಹೀಗೆ ಸೋಸಿದ ಮೇಲೆ ಅವನ ಬ್ರಾಂಚ್‌ಗೆ ಉಳಿದದ್ದು ಎರಡೇ ಕಂಪನಿ. ಟೆಸ್ಟ್ ಬರೆಯುವ ಮೊದಲೇ ಸೋತವನನ್ನು ಸೋಮಾರಿ ಎನ್ನುವುದು ಹೇಗೆ? ಆದರೂ ಅವನು ಹಬ್ಬಕ್ಕೆ ಊರಿಗೆ ಹೋಗುವುದನ್ನೇ ನಿಲ್ಲಿಸಿದ್ದಾನೆ. ‘ಯಾರ್ ಯಾರಿಗೆ ಅಂತ ಉತ್ತರ ಕೊಡ್ಲೋ’ ಅನ್ನುತ್ತಾನೆ.

ಹೆದರಿಕೆ ಇಲ್ಲದಿದ್ದರೆ ಯಾರು ಓದುತ್ತಾರೆ ಎಂದು ಕೆಲವರು ಕೇಳಬಹುದು. ಒಪ್ಪುತ್ತೇನೆ. ಇಂಟರ್ನಲ್ಸ್ ಹಿಂದಿನ ರಾತ್ರಿ ನಾನೂ ಕೂತು ಓದುವುದು ಹೆದರಿಕೆಯಿಂದಲೇ, ಥರ್ಮೊಡೈನಾಮಿಕ್ಸ್ ಮೇಲಿನ ಪ್ರೀತಿಯಿಂದಲ್ಲ! ಆದರೆ ಐಸ್‌ಲ್ಯಾಂಡಿನ ಹೆದರಿಕೆಗೆ ಕ್ಯಾಲೆಂಡರ್ ಇದೆ. ಕ್ರಿಸ್‌ಮಸ್ ಆದ ಮೇಲೆ ಆ ಹದಿಮೂರು ಮಂದಿ ಬಂದ ಕ್ರಮದಲ್ಲೇ ಒಬ್ಬೊಬ್ಬರಾಗಿ ವಾಪಸ್ ಹೊರಡುತ್ತಾರೆ, ಜನವರಿ 6ಕ್ಕೆ ಊರು ಖಾಲಿ. ನಮ್ಮದು ಎಸ್ಸೆಸ್ಸೆಲ್ಸಿಗೆ ಬಂದದ್ದು, ಪಿಯುಗೆ ಬಂದದ್ದು, ಸಿಇಟಿ ರ್‍ಯಾಂಕ್‌ಗೆ ಬಂದದ್ದು, ಇನ್ನೂ ಹೋಗಿಲ್ಲ. ‘ಇದೊಂದು ಮುಗಿದರೆ ಆರಾಮು’ ಎಂದು ಪ್ರತಿ ಸಲವೂ ಹೇಳಿದವರೇ ಮುಂದಿನದನ್ನು ತೋರಿಸುತ್ತಾರೆ. ಮುಖವಾಡವಾದರೂ ಇದ್ದಿದ್ದರೆ ತೆಗೆದು ನೋಡಬಹುದಿತ್ತು.

ಫ್ಲೆಕ್ಸ್ ಕಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಕೆಲಸ ಸಿಕ್ಕವರ ಸಂತೋಷ ನಿಜವಾದದ್ದೇ. ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಬೇಕು: ಯಾವ ಬ್ರಾಂಚ್‌ಗೆ ಎಷ್ಟು ಕಂಪನಿ ಬಂದವು, ಅವುಗಳ ಕಟ್ ಆಫ್ ಏನಿತ್ತು, ಎಷ್ಟು ಜನರಿಗೆ ಟೆಸ್ಟ್ ಬರೆಯುವ ಅವಕಾಶವೇ ಸಿಗಲಿಲ್ಲ. ಅದು ಕಣ್ಣಿಗೆ ಬಿದ್ದರೆ ‘ಓದಿದ್ದರೆ ಆಗ್ತಿತ್ತು’ ಎನ್ನುವ ಬಾಯಿಗೆ ಸ್ವಲ್ಪವಾದರೂ ಬ್ರೇಕ್ ಬೀಳಬಹುದು. ಮೊದಲ ವರ್ಷದವರಿಗೆ ಬ್ರಾಂಚ್ ಬದಲಿಸುವ ಯೋಚನೆಯಿದ್ದರೆ ಅವರಿಗೂ ಉಪಯೋಗ. ಇದನ್ನೇ ಕೇಳಿ ಕಳೆದ ತಿಂಗಳು ಪ್ಲೇಸ್‌ಮೆಂಟ್ ಸೆಲ್‌ಗೆ ಒಂದು ಅರ್ಜಿ ಬರೆದುಕೊಟ್ಟಿದ್ದೇವೆ. ನಮ್ಮ ಕ್ಲಾಸಿನ ಅರ್ಧದಷ್ಟು ಜನ ಸಹಿ ಹಾಕಿದ್ದಾರೆ. ‘ಸಹಿ ಹಾಕಿದರೆ ನಾಳೆ ನಮ್ಮ ಹೆಸರೇ ಲಿಸ್ಟಿನಿಂದ ತೆಗೆದರೆ?’ ಎಂದು ಉಳಿದರ್ಧ ಜನ ಹಿಂದೆ ಸರಿದರು.