ಹರಳಿನ ಅನ್ವಯ

ವ್ಯಾಕರಣ ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಗೊಡವೆ ಏತಕ್ಕೆಂದು ವಾಚಕ ಮಹಾಶಯರು ಕೇಳಬಹುದು. ಇದಕ್ಕೆ ಕಾರಣ ನಮ್ಮ ಒಂಬತ್ತನೆಯ ತರಗತಿಯ ಬಾಲಕನೊಬ್ಬನು. ಆತನು ಕಲ್ಲುಸಕ್ಕರೆಯ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಂದು, “ಮೇಷ್ಟ್ರೇ, ಪಾಕದಲ್ಲಿ ಕರಗಿಹೋಗಿದ್ದ ಸಕ್ಕರೆಗೆ ಇಷ್ಟು ನೇರವಾದ ಅಂಚು ಎಲ್ಲಿಂದ ಬಂತು?” ಎಂದನು. ಸ್ಫಟಿಕೀಕರಣದ ಲಕ್ಷಣವನ್ನು ಅವನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಪ್ಪಿಸಬಲ್ಲನು; ಆ ಲಕ್ಷಣಕ್ಕೂ ಕೈಯಲ್ಲಿದ್ದ ಹರಳಿಗೂ ನಂಟುಂಟೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಅಂದು ನನಗೂ ಉತ್ತರ ತೋಚಲಿಲ್ಲ. ವಿಜ್ಞಾನದ ಉಪಾಧ್ಯಾಯ ಮಿತ್ರರನ್ನು ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಸಕ್ಕರೆಯ ಅಣುವಿನೊಳಗೆ ಇಂಗಾಲ, ಜಲಜನಕ, ಆಮ್ಲಜನಕಗಳ ಪರಮಾಣುಗಳು ಬಲವಾದ ಬಂಧಗಳಿಂದ ಹೆಣೆದುಕೊಂಡಿವೆ. ಆದರೆ ಹರಳನ್ನು ಕಟ್ಟುವುದು ಆ ಬಲವಲ್ಲ. ಅಣುವಿಗೂ ಅಣುವಿಗೂ ನಡುವಣ ಮೃದುವಾದ ಸೆಳೆತ. ಅವುಗಳಲ್ಲಿ ಮುಖ್ಯವಾದುದು ಜಲಜನಕ ಬಂಧ. ಅದರ ಶಕ್ತಿ ಸಾಮಾನ್ಯವಾಗಿ ಒಳಗಿನ ಬಂಧದ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಒಂಟಿಯಾಗಿ ಅಲ್ಪವಾದ ಈ ಸೆಳೆತಗಳೇ ಅಸಂಖ್ಯವಾಗಿ, ಒಂದೇ ಕ್ರಮದಲ್ಲಿ ಮರುಕಳಿಸಿದಾಗ ಹರಳು ಮೈದಾಳುತ್ತದೆ.

ವಾಕ್ಯವೂ ಹೀಗೆಯೇ ಅಲ್ಲವೆ? ಪದಗಳು ಕೂಡಿ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ವಿಧಿಸಿದರು. ‘ಹಸು, ಕುದುರೆ, ಆನೆ’ ಎಂದರೆ ವಾಕ್ಯವಾಗದು, ಆಕಾಂಕ್ಷೆಯಿಲ್ಲ. ‘ಬೆಂಕಿಯಿಂದ ಗಿಡವನ್ನು ನೆನೆಸಿದನು’ ಎಂಬಲ್ಲಿ ಯೋಗ್ಯತೆಯಿಲ್ಲ. ಒಂದು ಪದವನ್ನು ಇಂದು, ಇನ್ನೊಂದನ್ನು ನಾಳೆ ನುಡಿದರೆ ಸನ್ನಿಧಿಯಿಲ್ಲ. ಅಣುಗಳಲ್ಲಿಯೂ ಧನಾಂಶವುಳ್ಳ ಜಲಜನಕವು ಋಣಾಂಶವುಳ್ಳ ಆಮ್ಲಜನಕವನ್ನು ಅಪೇಕ್ಷಿಸುತ್ತದೆ; ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಹೊಂದಬೇಕು; ಎರಡೂ ತಕ್ಕ ದೂರದಲ್ಲಿರಬೇಕು. ಅಣುಗಳಿಗೆ ಇಚ್ಛೆಯಿಲ್ಲವೆಂಬುದನ್ನು ಬಲ್ಲೆ, ಉಪಮೆಗೆ ಮಿತಿಯುಂಟು. ಆದರೂ ಇಷ್ಟು ಹೇಳಿದೊಡನೆ ಆ ಬಾಲಕನ ಮುಖ ಅರಳಿತು.

ಇದು ದೂರದೇಶದ ವಿದ್ಯೆಯೂ ಅಲ್ಲ. ನಮ್ಮ ಯಶವಂತಪುರದ ಮಗ್ಗುಲಲ್ಲಿಯೇ ಇರುವ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ 2009ರಲ್ಲಿ ಬಂದ ಗೌತಮ ದೇಸಿರಾಜು ಅವರು ಈ ಕ್ಷೇತ್ರದಲ್ಲಿ ಜಗದ್ವಿಖ್ಯಾತರು. ಸಾವಯವ ಘನವಸ್ತುಗಳ ಹರಳುಗಳನ್ನು ಬೇಕಾದಂತೆ ರಚಿಸುವ ವಿದ್ಯೆಯನ್ನು ಕುರಿತ ಅವರ ಗ್ರಂಥ 1989ರಲ್ಲಿ ಪ್ರಕಟವಾಯಿತು. ಅಣುಗಳ ನಡುವೆ ಮತ್ತೆ ಮತ್ತೆ ಕಾಣಬರುವ ಜೋಡಣೆಗಳನ್ನು ಗುರುತಿಸಿದರೆ ಹರಳಿನ ರಚನೆಯನ್ನು ಊಹಿಸಬಹುದೆಂದು 1995ರಲ್ಲಿ ಅವರು ಪ್ರತಿಪಾದಿಸಿದರು. ನಾನು ಅದನ್ನು ಸಮಾಸವೆಂದು ತಿಳಿದುಕೊಂಡೆನು.

ಇದು ಕೇವಲ ವಿನೋದವೂ ಅಲ್ಲ. ಏಡ್ಸ್ ರೋಗಕ್ಕೆ 1996ರಲ್ಲಿ ಬಳಕೆಗೆ ಬಂದ ರಿಟೊನಾವಿರ್ ಎಂಬ ಔಷಧದಲ್ಲಿ 1998ರಲ್ಲಿ ಹಠಾತ್ತಾಗಿ ಹೊಸಬಗೆಯ ಹರಳು ಕಾಣಿಸಿಕೊಂಡಿತು. ಅಣು ಅದೇ, ಅನ್ವಯ ಬೇರೆ. ಹೊಸ ಹರಳು ಸರಿಯಾಗಿ ಕರಗದೆ, ಮಾರುಕಟ್ಟೆಯಿಂದ ಆ ಗುಳಿಗೆಗಳನ್ನು ಹಿಂತೆಗೆಯಬೇಕಾಯಿತು. ದುರ್ಬಲವೆನಿಸಿದ ಸೆಳೆತಗಳ ಮೇಲೆ ರೋಗಿಗಳ ಪ್ರಾಣ ನಿಂತಿತ್ತು.

ಈಗ ನನ್ನ ಅರಿಕೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಮಕ್ಕಳು ಇಂಗ್ಲಿಷ್ ಲಕ್ಷಣವಾಕ್ಯಗಳನ್ನು ಒಪ್ಪಿಸಿದಾಗ ನಾವು ಚಪ್ಪಾಳೆ ತಟ್ಟುತ್ತೇವೆ, ದಾನಿಗಳು ಬಹುಮಾನ ನೀಡುತ್ತಾರೆ. ಉನ್ನತ ವ್ಯಾಸಂಗಕ್ಕೆ ಇಂಗ್ಲಿಷು ಅವಶ್ಯವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ತಾಯ್ನುಡಿಯಲ್ಲಿ ವಿವರಿಸಲಾಗದುದನ್ನು ಮಗು ಅರಿತಿದೆಯೆಂದು ನಂಬುವುದು ಆತ್ಮವಂಚನೆ. ಆದುದರಿಂದ ಮುಂದಿನ ವರ್ಷ ಒಂದು ಬಹುಮಾನವನ್ನಾದರೂ ಬೇರೆ ಬಗೆಯಲ್ಲಿ ಕೊಡೋಣ. ಒಂದು ಗಾಜಿನ ಲೋಟ, ಒಂದೆಳೆ ದಾರ, ಹಿಡಿ ಸಕ್ಕರೆ ಇಷ್ಟು ಸಾಕು. ಹರಳನ್ನು ಬೆಳೆಸಿ, ಅದು ಹೇಗೆ ಬೆಳೆಯಿತೆಂದು ಕನ್ನಡದಲ್ಲಿ ಬರೆದ ವಿದ್ಯಾರ್ಥಿಗೆ ಅದು ಸಲ್ಲಲಿ. ಬರೆಹವನ್ನು ತಿದ್ದಲು ವಿಜ್ಞಾನದ ಉಪಾಧ್ಯಾಯರೂ ಕನ್ನಡ ಪಂಡಿತರೂ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಲಿ. ನಮ್ಮಿಬ್ಬರ ನಡುವೆಯೂ ಸನ್ನಿಧಿ ಬೇಕಾಗಿದೆ.